ಬ್ಯಾಡ್ಜು ಕೊಟ್ಟವರ ಕೈ ನೋಡು

ಶಾಲಾ ಸಂಸತ್ತಿನ ಚುನಾವಣೆ ಗೆದ್ದಾಗಿನಿಂದ ನಿನ್ನ ನಡಿಗೆಯೇ ಬೇರೆ ಆಗಿದೆ, ಮಗಾ. ಎದೆಯ ಮೇಲೆ ಬ್ಯಾಡ್ಜು, ಕೈಯಲ್ಲಿ ನೋಟ್‌ಬುಕ್ಕು, ತರಗತಿಯಲ್ಲಿ ಮಾತಾಡಿದವರ ಹೆಸರು ಬರೆಯೋಕೆ ಕೆಂಪು ಪೆನ್ನು. ಇರಲಿ, ಸಂತೋಷ. ಗೆದ್ದವರು ನಾಲ್ಕು ದಿನ ಬೀಗಿದರೆ ಯಾರ ಮನೆಯ ಗಂಟೂ ಹೋಗುವುದಿಲ್ಲ. ಅರ್ಧರಾತ್ರಿ ಕೊಡೆ ಹಿಡಿದವನ ಗಾದೆಯನ್ನು ನಾನು ಹೇಳುವುದಿಲ್ಲ, ಅದು ನಿನಗೇ ಗೊತ್ತು. ಆದರೆ ಐದನೇ ದಿನವೂ ಬೀಗುತ್ತಿದ್ದೀಯಲ್ಲ, ಅದಕ್ಕೇ ಕರೆದು ಕೂರಿಸಿಕೊಂಡೆ.

ಹೊದಿಕೆಯೊಳಗೆ ಮೊಬೈಲು ಇಟ್ಟುಕೊಂಡು ನೀನು ರಾತ್ರಿಯೆಲ್ಲ ನೋಡುತ್ತಿದ್ದ ಜಪಾನಿನ ಅನಿಮೆ ಇದೆಯಲ್ಲ, ಅದನ್ನು ನಾನೂ ನೋಡಿದೆ. ನಗಬೇಡ. ಕನ್ನಡಕ ಹಾಕಿಕೊಂಡು, ಕೆಳಗೆ ಓಡುವ ಅಕ್ಷರಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿಕೊಂಡು ನೋಡಿದೆ. ‘ರೆವಲ್ಯೂಷನರಿ ಗರ್ಲ್ ಉಟೆನಾ.’ ನಿಮ್ಮಪ್ಪ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಕಾಲದ್ದು ಅದು. 1997ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಜಪಾನಿನ ಟೀವಿಯಲ್ಲಿ ಬಂತು, ಒಟ್ಟು 39 ಕಂತು, ನಿರ್ದೇಶಕ ಕುನಿಹಿಕೋ ಇಕುಹಾರಾ. ನೀನು ಕತ್ತಿವರಸೆ ನೋಡಿದೆ, ಗುಲಾಬಿ ನೋಡಿದೆ, ಆಕಾಶದಲ್ಲಿ ತಲೆಕೆಳಗಾಗಿ ನೇತಾಡುವ ಅರಮನೆ ನೋಡಿದೆ. ನಾನು ಮನುಷ್ಯರನ್ನು ನೋಡಿದೆ. ಅಂಥವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲೂ ಸಿಗುತ್ತಾರೆ. ಈ ನಾಲ್ಕು ತಾಲ್ಲೂಕು ಸೇರಿಯೇ ಮಧುಗಿರಿ ಶೈಕ್ಷಣಿಕ ಜಿಲ್ಲೆ; ನಮ್ಮಲ್ಲೂ ಸ್ಕೂಲಿಗೇನು ಕಮ್ಮಿ, ಸ್ಕೂಲಿನಲ್ಲಿ ರಾಜಕೀಯಕ್ಕೇನು ಕಮ್ಮಿ.

ಆ ಓಟೋರಿ ಅಕಾಡೆಮಿಯ ಸ್ಟೂಡೆಂಟ್ ಕೌನ್ಸಿಲ್ಲನ್ನೇ ತಗೋ. ಎಷ್ಟು ಠೀವಿ! ಅವರಿಗೇ ಅಂತ ಬೇರೆ ಲಿಫ್ಟು, ಅವರಿಗೇ ಅಂತ ಎತ್ತರದ ಮಹಡಿ. ಅಧ್ಯಕ್ಷ ಟೋಗಾ, ಅವನ ಪಕ್ಕ ಸಾಯೋಂಜಿ, ಜೂರಿ, ಪಿಯಾನೋ ನುಡಿಸುವ ಮಿಕಿ. ಪ್ರತಿಯೊಬ್ಬರ ಬೆರಳಿಗೂ ಗುಲಾಬಿ ಗುರುತಿನ ಉಂಗುರ. ಕಾಡಿನೊಳಗಿನ ಅಖಾಡದಲ್ಲಿ ಎದೆಗೆ ಗುಲಾಬಿ ಸಿಕ್ಕಿಸಿಕೊಂಡು ಕತ್ತಿ ಹಿಡಿದು ಹೋರಾಡಬೇಕು; ಯಾರ ಹೂವು ಮೊದಲು ಉದುರುತ್ತದೋ ಅವರು ಸೋತಂತೆ. ಗೆದ್ದವರಿಗೆ ಬಹುಮಾನ ಒಂದು ಹುಡುಗಿ. ಆಂಥಿ ಅಂತ, ಗುಲಾಬಿ ವಧು. ಗೆದ್ದವರು ಹೇಳಿದ್ದಕ್ಕೆಲ್ಲ ಅವಳು ಹೂಂ ಅನ್ನಬೇಕು. ಕೊನೆಯವರೆಗೂ ಗೆದ್ದು ನಿಂತವರಿಗೆ ಲೋಕವನ್ನೇ ಬದಲಾಯಿಸುವ ಶಕ್ತಿ ಸಿಗುತ್ತದಂತೆ.

ಸಿಗುತ್ತದಂತೆ ಅಂತ ಅವರಿಗೆ ಹೇಳಿದವರು ಯಾರು? ಅದನ್ನು ಕೇಳಿಕೊಂಡೆಯಾ ನೀನು? ‘ಲೋಕದ ಅಂಚು’ ಎಂಬ ಹೆಸರಿನಲ್ಲಿ ಕಾಗದ ಬರುತ್ತದೆ. ಕಾಗದದಲ್ಲಿ ಹೇಳಿದ್ದನ್ನು ಇವರು ಮಾಡುತ್ತಾರೆ. ಬರೆದವರ ಮುಖ ನೋಡಿಲ್ಲ, ವಿಳಾಸ ವಿಚಾರಿಸಿಲ್ಲ. ಸ್ಕೂಲಿನಲ್ಲೆಲ್ಲ ಹುಲಿಗಳಾಗಿ ತಿರುಗುವ ಈ ಮಕ್ಕಳು ಒಂದು ಲಕೋಟೆಯ ಮುಂದೆ ಇಲಿ. ವಾಟ್ಸಾಪಿನಲ್ಲಿ ಯಾರೋ ತಳ್ಳಿದ್ದನ್ನು ಹಾಗೇ ಮುಂದಕ್ಕೆ ತಳ್ಳುವ ನೀನು ಇವರನ್ನು ನೋಡಿ ನಗುವ ಹಾಗೇನೂ ಇಲ್ಲ ಬಿಡು.

ಅದಕ್ಕೇ ಮೊದಲು ಕೇಳಬೇಕಾದ್ದು, ನಿನ್ನ ಬ್ಯಾಡ್ಜಿನಿಂದ ನೀನು ಏನು ಮಾಡಬಹುದು? ಹೆಸರು ಬರೆಯಬಹುದು. ಸರಿ. ಬರೆದ ಹೆಸರನ್ನು ಹೊಡೆದು ಹಾಕಬಹುದಾ? ಬಿಸಿಯೂಟದ ಸಾರು ನೀರಾಗಿದೆ ಅಂತ ಬರೆದು ಕೊಡಬಹುದಾ? ಕೊಟ್ಟರೆ ಯಾರಾದರೂ ಓದುತ್ತಾರಾ? ಹೆಸರು ಬರೆಯೋಕೆ ಮಾತ್ರ ಅಧಿಕಾರ, ಅಳಿಸೋಕೆ ಇಲ್ಲ ಅಂದರೆ ಆ ಪೆನ್ನು ನಿನ್ನದಲ್ಲ ಮಗಾ, ಕೈ ಮಾತ್ರ ನಿನ್ನದು.

ಈ ಮಾತು ಕಟುವಾಯಿತೇನೋ. ನಮ್ಮ ಶಿರಾದ ಒಂದು ಕಥೆ ಹೇಳುತ್ತೇನೆ, ತಣ್ಣಗಾಗು. ಶಿರಾ ಮೊಘಲರ ಕಾಲದಲ್ಲಿ ದೊಡ್ಡ ಸುಬೆಯ ತಲೆ ಪಟ್ಟಣ, ಅದು ನಿನ್ನ ಪುಸ್ತಕದಲ್ಲೇ ಇದೆ. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಸೈನ್ಯ ಕಟ್ಟಿಕೊಂಡು ಈ ಕಡೆ ಬಂದು ಹೊಸಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆ ಬೀಳಲಿಲ್ಲ, ಕೈ ಬರಿದು. ಆಗ ಹೈದರಾಲಿ ಮೂರು ಲಕ್ಷ ರೂಪಾಯಿ ಕಾಣಿಕೆ ಒಪ್ಪಿಕೊಂಡು ಅವನಿಂದ ‘ಶಿರಾ ನವಾಬ’ ಅನ್ನುವ ಬಿರುದು ಪಡೆದ. ತಮಾಷೆ ಏನು ಗೊತ್ತಾ? ಶಿರಾ ಆವಾಗ ಬಸಾಲತ್ ಜಂಗನ ಕೈಯಲ್ಲೇ ಇರಲಿಲ್ಲ! ತನ್ನದಲ್ಲದ ಊರನ್ನು ಅವನು ಮಾರಿದ, ಅದು ಅವನದಲ್ಲ ಅಂತ ಗೊತ್ತಿದ್ದೇ ಇವನು ಕೊಂಡ. ಆಮೇಲೆ ಇಬ್ಬರೂ ಸೇರಿ ಶಿರಾದ ಮೇಲೆ ಹೋಗಿ ಅದನ್ನು ಹಿಡಿದರು. ಹೈದರನಿಗೆ ಬಿರುದು ಅಂದರೆ ಬರೀ ಕಾಗದ ಅಂತ ಚೆನ್ನಾಗಿ ಗೊತ್ತಿತ್ತು. ಆ ಕಾಗದಕ್ಕೆ ಜೀವ ಬರಬೇಕಾದರೆ ಕುದುರೆ ಬೇಕು, ಕಾಲಾಳು ಬೇಕು ಅಂತಲೂ ಗೊತ್ತಿತ್ತು. ಉಟೆನಾ ಕಥೆಯ ಮಕ್ಕಳಿಗೆ ಗೊತ್ತಿಲ್ಲದ್ದು ಇದೇ.

ಇದೇ ಹೈದರನ ಇನ್ನೊಂದು ಕಥೆಗೆ ನಮ್ಮ ಮಧುಗಿರಿ ಬೆಟ್ಟವೇ ಸಾಕ್ಷಿ. ನೀನು ಭಾನುವಾರ ಸೆಲ್ಫಿ ತೆಗೆಯೋಕೆ ಹತ್ತುವ ಬೆಟ್ಟ. ಅದರ ಮೇಲೆ ಯಾರನ್ನು ಕೂಡಿ ಹಾಕಿದ್ದರು ಅಂತ ಕೇಳಿದರೆ ಬಾಯಿ ಬಿಡುತ್ತೀಯ, ನನಗೆ ಗೊತ್ತು. ಕೇಳು.

ಬಿದನೂರಿನಲ್ಲಿ ಕೆಳದಿ ಅರಸರ ಸಂಸ್ಥಾನ. ದೊರೆ ಬಸಪ್ಪ ನಾಯಕ ತೀರಿಕೊಂಡ ಮೇಲೆ ರಾಣಿ ವೀರಮ್ಮಾಜಿ ರಾಜ್ಯ ನಡೆಸುತ್ತಿದ್ದಳು. ಮೊದಲು ಚೆನ್ನಬಸಪ್ಪ ಅನ್ನುವ ಹುಡುಗ ದತ್ತುಮಗನಾಗಿದ್ದ. ಅವನು ಸತ್ತ, ಹೇಗೆ ಸತ್ತ ಅನ್ನುವುದರ ಬಗ್ಗೆ ಬಗೆಬಗೆಯ ಮಾತಿತ್ತು. ಆಮೇಲೆ ಸೋಮಶೇಖರ ಅನ್ನುವ ಇನ್ನೊಂದು ಮಗುವನ್ನು ದತ್ತು ತಗೊಂಡಳು. ಹೀಗಿರುವಾಗ ಚಿತ್ರದುರ್ಗದ ಕಡೆಯಿಂದ ಒಬ್ಬ ತರುಣ ಎದ್ದು ಬಂದ. ನಾನೇ ಆ ಚೆನ್ನಬಸಪ್ಪ, ಸತ್ತಿಲ್ಲ, ತಪ್ಪಿಸಿಕೊಂಡಿದ್ದೆ, ನನ್ನ ಗದ್ದುಗೆ ನನಗೆ ಕೊಡಿಸಿ ಅಂತ ಹೈದರಾಲಿಯ ಮುಂದೆ ನಿಂತ. ಅವನು ನಿಜವಾದ ಚೆನ್ನಬಸಪ್ಪನೋ ವೇಷದವನೋ, ಅದನ್ನು ತೀರ್ಮಾನ ಮಾಡುವುದು ಹೈದರನಿಗೆ ಬೇಕಿರಲಿಲ್ಲ. ಹೆಸರೊಂದು ಬೇಕಿತ್ತು. ನ್ಯಾಯ ಕೊಡಿಸೋಕೆ ಹೊರಟಿದ್ದೇನೆ ಅನ್ನೋಕೆ ಒಂದು ನೆಪ ಬೇಕಿತ್ತು. ಹುಡುಗನನ್ನು ಆನೆ ಕುದುರೆ ಮರ್ಯಾದೆಯಲ್ಲಿ ಜೊತೆಗೆ ಕರೆದುಕೊಂಡು 1763ರ ಆರಂಭದಲ್ಲಿ ಬಿದನೂರಿಗೆ ನುಗ್ಗಿದ. ಸಂಸ್ಥಾನ ಬಿತ್ತು. ಊರಿನ ಹೆಸರೇ ಹೈದರನಗರ ಆಯಿತು, ಇವತ್ತಿಗೂ ಅದು ನಗರ. ರಾಣಿ ಸಿಕ್ಕಿಬಿದ್ದಳು, ಮಗನೂ ಸಿಕ್ಕಿಬಿದ್ದ. ಅವರನ್ನು ಕಳಿಸಿದ್ದು ಎಲ್ಲಿಗೆ? ನಮ್ಮ ಮಧುಗಿರಿ ಕೋಟೆಗೆ, ಸೆರೆಗೆ.

ಆ ತರುಣ? ಗದ್ದುಗೆ ಕೇಳೋಕೆ ಬಂದವನು? ಅವನನ್ನೂ ಅದೇ ಕೋಟೆಗೆ ಕಳಿಸಿದರು.

ಇಲ್ಲಿ ಒಂದು ನಿಮಿಷ ನಿಲ್ಲು. ಯಾರ ವಿರುದ್ಧ ದೂರು ಹೇಳೋಕೆ ಬಂದಿದ್ದನೋ ಅವರ ಜೊತೆಗೇ, ಅದೇ ಗೋಡೆಯೊಳಗೆ ಅವನೂ ಕೂತ. ಒಬ್ಬರ ಮುಖ ಒಬ್ಬರು ಹೇಗೆ ನೋಡಿದರೋ, ಬೆಟ್ಟದ ಮೇಲಿನ ಗಾಳಿಯಲ್ಲಿ ಏನು ಮಾತಾಡಿಕೊಂಡರೋ, ಬರೆದಿಟ್ಟವರಿಲ್ಲ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಮಧುಗಿರಿ ಹಿಡಿಯುವವರೆಗೆ ಅವರಿಗೆ ಬಿಡುಗಡೆ ಇಲ್ಲ. ಚರಿತ್ರೆ ಬರೆದವರು ಹೈದರನ ಜಾಣತನ ಹೊಗಳಿದ್ದಾರೆ, ರಾಣಿಯ ನಡತೆಯ ಮೇಲೆ ಆಡಬಾರದ್ದನ್ನೆಲ್ಲ ಆಡಿದ್ದಾರೆ. ಹೆಣ್ಣು ಆಳಿದರೆ ಅವಳ ಲೆಕ್ಕಪತ್ರಕ್ಕಿಂತ ಅವಳ ಮಲಗುವ ಮನೆಯ ಕಡೆಗೇ ಜನರ ಕಣ್ಣು, ಆವಾಗಲೂ ಈವಾಗಲೂ. ನನಗೆ ಮಾತ್ರ ಆ ಹುಡುಗನದೇ ಯೋಚನೆ. ಹಿಂದೆ ದೊಡ್ಡ ಸೈನ್ಯ ನಡೆದು ಬರುತ್ತಿದ್ದಾಗ ಅದು ತನ್ನ ಸೈನ್ಯ ಅಂತಲೇ ಅಂದುಕೊಂಡಿರಬೇಕು ಪಾಪ.

ಈಗ ಉಟೆನಾಳ ಕಡೆ ಬಾ. ಒಳ್ಳೆಯ ಹುಡುಗಿ. ನಿನ್ನ ಹಾಗೇ ಮುಂಗೋಪ, ನಿನ್ನ ಹಾಗೇ ದೊಡ್ಡ ಮನಸ್ಸು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಸತ್ತು ಅಳುತ್ತಿದ್ದಾಗ ಒಬ್ಬ ರಾಜಕುಮಾರ ಬಂದು ಸಮಾಧಾನ ಮಾಡಿ ಉಂಗುರ ಕೊಟ್ಟ. ಬೇರೆ ಹುಡುಗಿಯರಾದರೆ ಅವನನ್ನು ಮದುವೆಯಾಗುತ್ತೇನೆ ಅನ್ನುತ್ತಿದ್ದರು, ಇವಳು ನಾನೇ ರಾಜಕುಮಾರನಾಗುತ್ತೇನೆ ಅಂದಳು. ಹುಡುಗರ ಯೂನಿಫಾರ್ಮು ಹಾಕಿಕೊಂಡು ಸ್ಕೂಲಿಗೆ ಬರುತ್ತಾಳೆ. ಗೆಳತಿ ವಕಾಬಾ ಸಾಯೋಂಜಿಗೆ ಬರೆದ ಪ್ರೇಮಪತ್ರವನ್ನು ಎಲ್ಲರೂ ಓದುವ ಹಾಗೆ ಗೋಡೆಗೆ ಅಂಟಿಸಿದಾಗ ಸಿಟ್ಟಿಗೆದ್ದು ಸಾಯೋಂಜಿಯನ್ನು ಕತ್ತಿಗೆ ಕರೆಯುತ್ತಾಳೆ. ಗೆಲ್ಲುತ್ತಾಳೆ. ಗೆದ್ದ ತಪ್ಪಿಗೆ ಆಂಥಿ ಗಂಟು ಬೀಳುತ್ತಾಳೆ.

ಉಟೆನಾ ಏನಂತಾಳೆ? ನಾನು ನಿನಗೆ ಅಪ್ಪಣೆ ಮಾಡುವವಳಲ್ಲ, ನೀನು ಎಲ್ಲ ಹುಡುಗಿಯರ ಹಾಗೆ ಇರಬೇಕು, ಗೆಳತಿಯರನ್ನು ಮಾಡಿಕೊಳ್ಳಬೇಕು ಅಂತಾಳೆ. ಆಂಥಿ ನಗುತ್ತಾ ಹೂಂ ಅಂತಾಳೆ. ಸಾಯೋಂಜಿ ಕೆನ್ನೆಗೆ ಹೊಡೆದಾಗಲೂ ಅವಳು ಎದುರಾಡಲಿಲ್ಲ. ಇಬ್ಬರಿಗೂ ಒಂದೇ ಉತ್ತರ. ಹೊಡೆದವನು ಕೆಟ್ಟವನು, ಕಾಪಾಡಿದವಳು ಒಳ್ಳೆಯವಳು, ಅದರಲ್ಲಿ ಅನುಮಾನ ಇಲ್ಲ. ಆದರೆ ಇರಬೇಕು, ಮಾಡಿಕೊಳ್ಳಬೇಕು ಅಂದರೆ ಅದೂ ಅಪ್ಪಣೆಯೇ ಅಲ್ಲವಾ? ನಿನಗೇನು ಬೇಕು ಅಂತ ಆಂಥಿಯನ್ನು ಕೂರಿಸಿಕೊಂಡು ಕೇಳಿದವರು ಯಾರು? ಮಿಕಿ ಇದ್ದಾನಲ್ಲ, ಆ ಮೃದು ಸ್ವಭಾವದ ಹುಡುಗ, ಅವನಂತೂ ಗುಲಾಬಿ ವಧುವಿನ ಪದ್ಧತಿಯೇ ಬೇಡ ಅಂತಿದ್ದವನು. ಕೊನೆಗೆ ಅವಳನ್ನು ಕಾಪಾಡೋಕೆ ಅಂತಲೇ ಅವಳಿಗಾಗಿ ಕತ್ತಿ ಹಿಡಿದ! ಅಖಾಡದಲ್ಲಿ ಆಂಥಿ ಉಟೆನಾ ಕಡೆ ಕೂಗಿ ಹುರುಪು ತುಂಬಿದಾಗ ಅವನ ಮುಖ ನೋಡಬೇಕಿತ್ತು. ಅವಳಿಗೂ ಒಂದು ಬಾಯಿ ಇದೆ ಅಂತ ಅವನಿಗೆ ಹೊಳೆದೇ ಇರಲಿಲ್ಲ.

ನಿನಗೆ ಹೊಳೆದಿದೆಯಾ? ಹಿಂದಿನ ಬೆಂಚಿನಲ್ಲಿ ಮಾತೇ ಆಡದ ಆ ಹುಡುಗಿಯನ್ನು ವಾರ್ಷಿಕೋತ್ಸವದ ಡ್ಯಾನ್ಸಿಗೆ ಸೇರಿಸಿದ್ದೀಯಂತೆ. ಪಾಪ, ಅವಳೂ ಮುಂದೆ ಬರಲಿ ಅಂತ. ಒಳ್ಳೆಯ ಬುದ್ಧಿಯೇ. ಅವಳನ್ನು ಕೇಳಿದೆಯಾ? ಮೂರು ಮೈಲಿ ನಡೆದು ಬಂದು, ಸಾಯಂಕಾಲ ಹೋಗಿ ತಮ್ಮನನ್ನು ನೋಡಿಕೊಳ್ಳಬೇಕಾದವಳು ಪ್ರಾಕ್ಟೀಸಿಗೆ ನಿಂತರೆ ಮನೆಯಲ್ಲಿ ಏನಾಗುತ್ತದೆ, ಕೇಳಿದೆಯಾ? ಅವಳು ಹೂಂ ಅಂದಳು ಅನ್ನುತ್ತೀಯ. ಬ್ಯಾಡ್ಜು ಹಾಕಿಕೊಂಡವರಿಗೆ ಯಾರು ಊಹೂಂ ಅನ್ನುತ್ತಾರೆ, ಹುಚ್ಚು ಮುಂಡೇದೇ?

ಪಾವಗಡದಲ್ಲಿ ನಡೆದದ್ದೂ ಸ್ವಲ್ಪ ಇಂಥದ್ದೇ, ಬೇರೆ ಅಳತೆಯಲ್ಲಿ. ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ 13,000 ಎಕರೆ ಮೇಲೆ ಸೋಲಾರ್ ಪಾರ್ಕು ಬಂತು, 2,050 ಮೆಗಾವಾಟ್. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಆಮೇಲೆ ಆಗಾಗ ಏರಿಕೆ. ಮಳೆಯನ್ನೇ ಕಾಣದ ಸೀಮೆಗೆ ಅದು ಬುದ್ಧಿವಂತ ವ್ಯವಹಾರವೇ. ಪಹಣಿ ಇವತ್ತಿಗೂ ರೈತನ ಹೆಸರಿನಲ್ಲೇ ಇದೆ. ಮಾತುಕತೆಗೆ ಕೂತವರು ಜಮೀನಿದ್ದವರು ಮತ್ತು ಕಂಪನಿ ಕಟ್ಟುವವರು. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ, ಕುರಿ ಮೇಯಿಸಿ ಬದುಕುತ್ತಿದ್ದ ಕೂಲಿಯವರ ಹೆಸರು ಯಾವ ಕರಾರಿನಲ್ಲೂ ಇರಲಿಲ್ಲ. ಅವರಿಗೆ ಅನ್ಯಾಯ ಮಾಡಬೇಕು ಅಂತ ಯಾರೂ ಹೊರಟಿದ್ದಲ್ಲ. ಅವರನ್ನು ಕೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ಅಷ್ಟೇ. ಆ ‘ಅಷ್ಟೇ’ ಎಷ್ಟು ದೊಡ್ಡದು ಅಂತ ಬೆಂಗಳೂರಿಗೆ ಬಸ್ಸು ಹತ್ತಿದ ಕೂಲಿಯವರನ್ನು ಕೇಳು.

ಹೋಗಲಿ, ಮತ್ತೆ ಸ್ಕೂಲಿಗೆ ಬರೋಣ. ಆ ಲೋಕದ ಅಂಚಿನ ಕಾಗದ ಬರೆಯುತ್ತಿದ್ದವನು ಯಾರು ಅಂತ ಗೊತ್ತಾದಾಗ ನಿನಗೆ ಆಶ್ಚರ್ಯ ಆಯಿತಂತೆ. ನನಗೆ ಆಗಲಿಲ್ಲ. ಶಾಲೆಯ ಹಂಗಾಮಿ ಅಧ್ಯಕ್ಷ ಅಕಿಯೋ. ಆಂಥಿಯ ಸ್ವಂತ ಅಣ್ಣ. ಶಾಲೆಯ ಎತ್ತರದ ಗೋಪುರದಲ್ಲಿ ತಾರಾಲಯದ ಯಂತ್ರ ಇಟ್ಟುಕೊಂಡು ಕೂತಿರುತ್ತಾನೆ. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದ ಆ ತಲೆಕೆಳಗಾದ ಅರಮನೆ ಆ ಯಂತ್ರ ತೋರಿಸಿದ ಚಿತ್ರ! ನಮ್ಮ ಕೊರಟಗೆರೆ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಹಾಗೇ ಇದು. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನಿಗೆ ಇಷ್ಟು ಅಂತ ಕೈಯಿಂದ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರೆ. ರಾತ್ರಿ ಕಿರೀಟ ಇಟ್ಟು ಗದೆ ಹಿಡಿದರೆ ಅವನೇ ಚಕ್ರವರ್ತಿ, ಊರೆಲ್ಲ ಶಿಳ್ಳೆ. ಕಿರೀಟ ಬಾಡಿಗೆಯದು, ಅರಮನೆಯ ಸೀನು ಬಾಡಿಗೆಯದು, ಯಾವಾಗ ಹಾಡಬೇಕು ಯಾವಾಗ ಬೀಳಬೇಕು ಅಂತ ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರು ಸನ್ನೆ ಮಾಡುತ್ತಾರೆ. ಒಂದೇ ವ್ಯತ್ಯಾಸ. ನಮ್ಮ ದುರ್ಯೋಧನನಿಗೆ ಇದು ನಾಟಕ ಅಂತ ಗೊತ್ತಿರುತ್ತದೆ. ಬೆಳಿಗ್ಗೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ಓಟೋರಿಯ ಮಕ್ಕಳಿಗೆ ಗೊತ್ತಿಲ್ಲ.

ಅಕಿಯೋ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ನೆಟ್ಟಗೆ ಕೂತು ಕೇಳು. ಇದರಲ್ಲಿ ತಮಾಷೆ ಇಲ್ಲ. ಅವನು ಯಾರ ಮೇಲೂ ಕೂಗಾಡುವುದಿಲ್ಲ ಗಮನಿಸಿದೆಯಾ? ಹೊಗಳುತ್ತಾನೆ. ಕೆಂಪು ಕಾರಿನಲ್ಲಿ ಸುತ್ತಾಡಿಸುತ್ತಾನೆ. ನೀನು ನಿನ್ನ ವಯಸ್ಸಿಗಿಂತ ದೊಡ್ಡವಳು, ಬೇರೆಯವರಿಗೆ ನೀನು ಅರ್ಥ ಆಗುವುದಿಲ್ಲ ಅನ್ನುವ ಭಾವನೆ ಬರಿಸುತ್ತಾನೆ. ಉಟೆನಾಳಂಥ ಉಟೆನಾ ಕರಗಿಹೋಗುತ್ತಾಳೆ. ಹಾಸ್ಟೆಲ್ಲಿರಲಿ, ಟ್ಯೂಷನ್ನಿರಲಿ, ಕಬಡ್ಡಿ ಕೋಚಿಂಗಿರಲಿ, ಯಾರೇ ದೊಡ್ಡವರು ನಿನಗೊಬ್ಬರಿಗೇ ಉಡುಗೊರೆ ಕೊಟ್ಟು, ಮನೆಯಲ್ಲಿ ಹೇಳಬೇಡ ಅಂದರೆ ಅದನ್ನು ಮೊದಲು ಮನೆಯಲ್ಲೇ ಹೇಳಬೇಕು. ಮನೆಯವರೇ ಅಂಥವರಾದರೆ 1098ಕ್ಕೆ ಫೋನ್ ಮಾಡು. ಮಕ್ಕಳ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಎತ್ತುತ್ತಾರೆ. 2012ರಲ್ಲಿ ಬಂದ ಪೋಕ್ಸೋ ಕಾಯ್ದೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ. ಆಂಥಿ ಅಷ್ಟು ದಿನ ಹೂಂ ಹೂಂ ಅಂತ ನಕ್ಕಿದ್ದು ಯಾಕೆ ಅಂತ ಕೊನೆಯ ಕಂತುಗಳಲ್ಲಿ ನಿನಗೇ ತಿಳಿಯಿತಲ್ಲ. ಯಾವಾಗಲೂ ನಗುತ್ತಲೇ ಇರುವ ಮಗುವನ್ನು ಚೆನ್ನಾಗಿದೆ ಅಂದುಕೊಂಡು ದಾಟಿ ಹೋಗಬೇಡ.

ಹಾಗಂತ ಮುಗ್ಧರಾಗಿರುವುದೇ ತಪ್ಪು ಅನ್ನುತ್ತಿದ್ದೇನೆ ಅಂದುಕೊಳ್ಳಬೇಡ. ಈಗೀಗ ಎಲ್ಲರಿಗೂ ಬೇಗ ಜಾಣರಾಗುವ ಅವಸರ. ಹತ್ತನೇ ಕ್ಲಾಸಿಗೇ ಎಲ್ಲಾ ರಾಜಕೀಯ ಇಷ್ಟೇ ಬಿಡಜ್ಜಿ ಅನ್ನುವ ಮಕ್ಕಳನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಟೋಗಾನೂ ಜಾಣನೇ. ರಾಜಕುಮಾರನ ವೇಷ ಹಾಕಿ ಉಟೆನಾಳನ್ನು ಸೋಲಿಸಿದ. ಆಮೇಲೆ ತಾನೇ ಅಕಿಯೋ ಕಾರಿನ ಸೀಟಿನಲ್ಲಿ ಕೂತ. ಹನ್ನೊಂದನೇ ಕಂತಿನಲ್ಲಿ ಸೋತ ಉಟೆನಾ ಹುಡುಗಿಯರ ಯೂನಿಫಾರ್ಮು ಹಾಕಿಕೊಂಡು ಮುದುಡಿ ಹೋಗಿದ್ದಳಲ್ಲ, ಅವಳನ್ನು ಎಬ್ಬಿಸಿದವರು ಯಾರು? ಜಾಣರಲ್ಲ. ವಕಾಬಾ. ಯಾವ ಉಂಗುರವೂ ಇಲ್ಲದ, ಯಾವ ಕೌನ್ಸಿಲ್ಲಿಗೂ ಸೇರದ, ಬೆನ್ನ ಮೇಲೆ ಹಾರಿ ಕೂರುವ ವಕಾಬಾ. ನಿನ್ನ ತರಗತಿಯಲ್ಲೂ ಒಬ್ಬ ವಕಾಬಾ ಇರುತ್ತಾಳೆ. ಬ್ಯಾಡ್ಜು ಬಂದ ಮೇಲೆ ಅವಳ ಜೊತೆ ಊಟಕ್ಕೆ ಕೂರುವುದು ಬಿಟ್ಟಿದ್ದೀಯ ಅಂತ ಕೇಳಿದೆ.

ಒಮ್ಮೆ ಒಂದು ಊರಿನ ಮಕ್ಕಳ ಗ್ರಾಮಸಭೆಯಲ್ಲಿ ಕೂತಿದ್ದೆ. ಯಾವ ಊರು ಅನ್ನುವುದು ಬೇಡ. ಶಾಮಿಯಾನ, ಮೈಕು, ಬಿಸ್ಕತ್ತು, ಎಲ್ಲಾ ಇತ್ತು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಪ್ರಶ್ನೆ ಕೇಳಬೇಕು. ಕೇಳಿದರು. ಕೈಯಲ್ಲಿ ಮಡಿಚಿದ ಚೀಟಿ, ದೊಡ್ಡವರ ಅಕ್ಷರ. ಮಾನ್ಯ ಅಧ್ಯಕ್ಷರೇ, ನಮ್ಮ ಶಾಲೆಗೆ ಕಾಂಪೌಂಡ್ ಮಂಜೂರು ಮಾಡಿಕೊಟ್ಟಿದ್ದಕ್ಕೆ ಧನ್ಯವಾದಗಳು, ಇನ್ನೊಂದು ಕೊಠಡಿ ಕೊಡಿಸಬೇಕಾಗಿ ವಿನಂತಿ. ಚಪ್ಪಾಳೆ. ಮುಂದಿನವರು. ಅದೇ ರಾಗ. ಶಾಲಾ ಸಂಸತ್ತಿನ ಮುಖ್ಯಮಂತ್ರಿ ಅಂತ ಒಬ್ಬ ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು ಚೀಟಿ ಹಂಚುತ್ತಿದ್ದ, ಥೇಟ್ ನೀನೇ. ಮುಗಿಯಿತು ಅನ್ನುವಾಗ ಮೂಲೆಯಲ್ಲಿದ್ದ ಒಂದು ಸಣ್ಣ ಹುಡುಗಿ ಎದ್ದಳು. ಚೀಟಿ ಇರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ, ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿದಳು.

ಅಷ್ಟೇ ಪ್ರಶ್ನೆ. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಗಲೀಜು ಮಾಡುತ್ತಾರೆ ಅಂತ ಬೀಗ ಹಾಕಿದ್ದು ಅಂದರು. ನೀರಿಲ್ಲ ಅಂದರು. ಹುಡುಗಿ ಕೂರಲಿಲ್ಲ. ಕೀಲಿ ಯಾರ ಹತ್ತಿರ ಇದೆ, ಮತ್ತೆ ಅದನ್ನೇ ಕೇಳಿದಳು. ಸಿಟ್ಟಿಲ್ಲ, ಭಾಷಣ ಇಲ್ಲ. ಅವಳಿಗೆ ನಿಜವಾಗಲೂ ಅದು ಗೊತ್ತಿರಲಿಲ್ಲ, ಗೊತ್ತಾಗಬೇಕಿತ್ತು. ಅಧಿಕಾರದವರ ಮುಂದೆ ಹಾಗೆಲ್ಲ ಕೇಳಬಾರದು ಅಂತ ಅವಳಿಗೆ ಇನ್ನೂ ಯಾರೂ ಕಲಿಸಿರಲಿಲ್ಲ. ಅದೂ ಮುಗ್ಧತನವೇ ಅಲ್ಲವಾ? ಆ ಚೀಟಿ ಹಂಚಿದ ಮುಖ್ಯಮಂತ್ರಿಗೆ ಅದು ಇರಲಿಲ್ಲ, ಪಾಪ, ಅವನು ಆಗಲೇ ಜಾಣನಾಗಿಬಿಟ್ಟಿದ್ದ. ಕೀಲಿ ಕೊನೆಗೆ ಒಬ್ಬರ ಮೇಜಿನ ಡ್ರಾಯರಿನಲ್ಲಿತ್ತು. ಸಾಯಂಕಾಲಕ್ಕೆ ಬೀಗ ತೆಗೆದರು. ನೀರಿನ ಸಮಸ್ಯೆ ಉಳಿದೇ ಉಳಿಯಿತು, ಅದನ್ನೂ ಹೇಳಬೇಕು.

ಉಟೆನಾಳ ಮುಗ್ಧತನವೂ ಕೊನೆಗೆ ಅಂಥದ್ದೇ ಆಗುತ್ತದೆ. ಮೊದಲಿನದ್ದು ಬೇರೆ, ನಾನು ರಾಜಕುಮಾರ, ನಿನ್ನನ್ನು ಕಾಪಾಡುತ್ತೇನೆ ಅನ್ನುವ ಜಂಬ ಅದರಲ್ಲಿತ್ತು. ಕೊನೆಗೆ ಅಕಿಯೋ ಜೊತೆ ಹೋರಾಡುವಾಗ ಬೆನ್ನಿಗೆ ಕತ್ತಿ ಹಾಕಿದವಳು ಆಂಥಿಯೇ! ನೀನು ಅಲ್ಲಿಗೆ ಮೊಬೈಲು ಎಸೆದೆಯಂತೆ, ದ್ರೋಹಿ ಅಂತ ಬೈದೆಯಂತೆ. ಅಷ್ಟು ವರ್ಷ ಹೊಡೆತ ತಿಂದವರು ಬಾಗಿಲು ತೆರೆದ ತಕ್ಷಣ ಓಡಿ ಬಂದು ಕಾಲಿಗೆ ಬೀಳುತ್ತಾರೆ ಅಂತ ನಿನ್ನ ಲೆಕ್ಕ. ಬರುವುದಿಲ್ಲ, ಮಗಾ. ಕುಡುಕ ಗಂಡನ ಮನೆಯಿಂದ ಬಿಡಿಸಿಕೊಂಡು ಬಂದ ಹೆಣ್ಣುಮಗಳು ಬಿಡಿಸಿದವರನ್ನೇ ಬೈದು ವಾಪಸ್ಸು ಹೋದದ್ದನ್ನು ಈ ಬೀದಿಯಲ್ಲೇ ಕಂಡಿದ್ದೇನೆ. ಆಮೇಲೆ ಒಂದು ದಿನ ತಾನೇ ಟ್ರಂಕು ಹಿಡಿದು ಬಂದದ್ದನ್ನೂ ಕಂಡಿದ್ದೇನೆ. ಬಿಡಿಸಿದವರು ಕೋಪ ಮಾಡಿಕೊಂಡು ಬಾಗಿಲು ಹಾಕಿದ್ದರೆ ಅವಳು ಎಲ್ಲಿಗೆ ಹೋಗಬೇಕಿತ್ತು? ಬೆನ್ನಲ್ಲಿ ಗಾಯ ಇಟ್ಟುಕೊಂಡೇ ಉಟೆನಾ ತೆವಳಿ ಹೋಗಿ, ಆಂಥಿ ಸಿಕ್ಕಿಕೊಂಡಿದ್ದ ಪೆಟ್ಟಿಗೆಯ ಬಾಗಿಲು ಕಿತ್ತು ಕೈ ಚಾಚುತ್ತಾಳಲ್ಲ, ಅಲ್ಲಿ ಅವಳಿಗೆ ರಾಜಕುಮಾರನ ಪಟ್ಟ ನೆನಪೇ ಇಲ್ಲ. ಕತ್ತಿ ಮುರಿದಿದೆ. ತಾನು ಸೋತೆ ಅಂತಲೇ ಅಂದುಕೊಳ್ಳುತ್ತಾಳೆ. ಆಮೇಲೆ ಅವಳು ಆ ಸ್ಕೂಲಿನಲ್ಲೇ ಕಾಣುವುದಿಲ್ಲ. ಮಕ್ಕಳೆಲ್ಲ ಅವಳನ್ನು ಮರೆಯೋಕೂ ಶುರು ಮಾಡುತ್ತಾರೆ. ಅಕಿಯೋ ಏನೂ ಆಗದವನ ಹಾಗೆ ಮತ್ತೆ ಮೇಜಿನ ಮುಂದೆ ಕೂತು ಮುಂದಿನ ಆಟಕ್ಕೆ ತಯಾರಿ ನಡೆಸುತ್ತಾನೆ. ಆಗ ಆಂಥಿ ಬಂದು, ನಿಮಗೆ ಏನು ನಡೆಯಿತು ಅಂತಲೇ ತಿಳಿದಿಲ್ಲ, ನೀವು ಇಲ್ಲೇ ಆಡಿಕೊಂಡಿರಿ ಅಂತ ಹೇಳಿ ಗೇಟು ದಾಟಿ ಹೋಗುತ್ತಾಳೆ. ಎಳೆದುಕೊಂಡು ಹೋದವರಿಲ್ಲ. ತನ್ನ ಕಾಲಿನಲ್ಲಿ ತಾನು.

ಅಷ್ಟು ದಿನ ಅವಳನ್ನು ಕತ್ತಿಯಿಂದ ಗೆದ್ದರಲ್ಲ, ಅವರಲ್ಲಿ ಒಬ್ಬರಿಂದಲೂ ಆಗದ ಕೆಲಸ ಅದು.

ನಿನ್ನ ಸಂಸತ್ತಿನ ವಿಷಯಕ್ಕೆ ಬಂದರೆ, ಬ್ಯಾಡ್ಜು ಕಿತ್ತು ಎಸೆ ಅನ್ನುವುದಿಲ್ಲ. ಇಟ್ಟುಕೋ. ಆದರೆ ಹೆಸರು ಬರೆಯುವ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಿಮ್ಮ ಸ್ಕೂಲಿನ ಕೀಲಿಗಳೆಲ್ಲ ಯಾರ ಯಾರ ಹತ್ತಿರ ಇವೆ ಅಂತ ಬರೆದುಕೋ. ಲೈಬ್ರರಿ ಬೀರುವಿನದು, ಆಟದ ಸಾಮಾನಿನದು, ಕಂಪ್ಯೂಟರ್ ರೂಮಿನದು, ಶೌಚಾಲಯದ್ದು. ಆ ಪಟ್ಟಿ ತಂದು ನನಗೆ ತೋರಿಸು, ಆಮೇಲೆ ನೀನು ಎಂಥಾ ಮಂತ್ರಿ ಅಂತ ಮಾತಾಡೋಣ. ಡ್ಯಾನ್ಸಿಗೆ ಸೇರಿಸಿದ ಹುಡುಗಿಯನ್ನು ನಾಳೆಯೇ ಕೇಳು, ಬ್ಯಾಡ್ಜು ತೆಗೆದು ಜೇಬಿಗೆ ಹಾಕಿಕೊಂಡು ಕೇಳು.

ಮತ್ತೆ ಆ ನಾನಾಮಿಯನ್ನು ಮರೆಯಬೇಡ. ಟೋಗಾನ ತಂಗಿ, ಮಹಾ ಜಂಬದ ಕೋಳಿ. ಹಸುವಿನ ಕೊರಳ ಗಂಟೆಯನ್ನು ದೊಡ್ಡ ಕಂಪನಿಯ ಒಡವೆ ಅಂದುಕೊಂಡು ಕುತ್ತಿಗೆಗೆ ಕಟ್ಟಿಕೊಂಡು ಮೆರೆದಳಲ್ಲ. ನಮ್ಮ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಬರುವ ಯಾವ ಹುಡುಗನನ್ನು ಕೇಳಿದ್ದರೂ ಅದೇನು ಅಂತ ಹೇಳುತ್ತಿದ್ದ. ಅಲ್ಲಿ ಒಬ್ಬರೂ ಹೇಳಲಿಲ್ಲ, ಅವಳ ಮುಂದೆ ಹೇಳುವ ಧೈರ್ಯ ಯಾರಿಗಿತ್ತು? ಕೊನೆಗೆ ನಿಜವಾಗಲೂ ಹಸುವೇ ಆಗಿ ಹುಲ್ಲು ಮೇಯ್ದಳು. ನಿನ್ನ ಸುತ್ತ ಇರುವವರು ನಿನಗೆ ಗಂಟೆ ತೋರಿಸುವ ಹಾಗೆ ಇಟ್ಟುಕೊಂಡಿದ್ದೀಯಾ ಅಂತ ಒಮ್ಮೆ ನೋಡಿಕೋ. ನಾನಂತೂ ತೋರಿಸಿದ್ದೇನೆ. ಮುಖ ಊದಿಸಬೇಡ.

ಇನ್ನು 1999ರಲ್ಲಿ ಬಂದ ಉಟೆನಾ ಸಿನಿಮಾ. ನೋಡಿದೆ, ಅದನ್ನೂ ನೋಡಿದೆ. ಅದರಲ್ಲಿ ಉಟೆನಾ ಇದ್ದಕ್ಕಿದ್ದಂತೆ ಕಾರಾಗಿಬಿಡುತ್ತಾಳೆ! ಅರ್ಥ ಏನಜ್ಜಿ ಅಂತ ನನ್ನ ತಲೆ ತಿನ್ನಬೇಡ, ಅದು ಆ ಇಕುಹಾರಾನಿಗೇ ಗೊತ್ತು. ಆದರೆ ಸ್ಟಿಯರಿಂಗ್ ಹಿಡಿದು ಸ್ಕೂಲಿನಿಂದ ಆಚೆ ಓಡಿಸುವವಳು ಆಂಥಿ. ಅದನ್ನು ನೋಡುವಾಗ ಮಾತ್ರ ನಾನು ಕಾಫಿ ಆರಿಸಿಕೊಂಡು ಕೂತಿದ್ದೆ.